ಬೇಗ ಪತ್ತೆಯಾದರೆ ಹೆಚ್ಚು ಕಾಲ ಬದುಕಿದಂತೆಯೇ? ತಪಾಸಣೆಯ ಅಧ್ಯಯನಗಳ ಸುತ್ತ ಒಂದು ಚರ್ಚೆ

ಹೊಂಬೆಳಕು (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 66 ವರ್ಷ. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ವರ್ಷಕ್ಕೊಮ್ಮೆ ಮಾಡಿಸುವ ರಕ್ತ ಪರೀಕ್ಷೆಯ ಜೊತೆಗೆ ಈ ಸಲ ಪಿ.ಎಸ್.ಎ. (ಪ್ರಾಸ್ಟೇಟ್ ಗ್ರಂಥಿಯ ಒಂದು ಪ್ರೋಟೀನನ್ನು ರಕ್ತದಲ್ಲಿ ಅಳೆಯುವ) ಪರೀಕ್ಷೆಯನ್ನೂ ಸೇರಿಸಿದ್ದರು, ಅದು 6.2 ಎಂದು ಬಂತು. ಅಲ್ಲಿಂದ ಬಯಾಪ್ಸಿಯಾಯಿತು. ಹನ್ನೆರಡು ತುಣುಕುಗಳ ಪೈಕಿ ಎರಡರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಕ್ಯಾನ್ಸರಿನ ತೀವ್ರತೆ ತಿಳಿಸುವ ಗ್ಲೀಸನ್ ಅಂಕ 3+3 ಎಂದು ವರದಿ ಹೇಳಿತು. ವೈದ್ಯರು ನಮ್ಮನ್ನು ಕೂರಿಸಿಕೊಂಡು, ಬೇಗ ಸಿಕ್ಕಿದ್ದು ಪುಣ್ಯ, ಈ ಹಂತದಲ್ಲಿ ಐದು ವರ್ಷ ದಾಟುವವರು ನೂರಕ್ಕೆ ತೊಂಬತ್ತೊಂಬತ್ತು ಮಂದಿ, ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ ಎಂದರು. ಮನೆಯವರೆಲ್ಲ ಒಪ್ಪಿಕೊಂಡೆವು. ತಂದೆಯವರೊಬ್ಬರೇ ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಎರಡು ಸಲ ಓದಿ, "ಆಪರೇಷನ್ ಮಾಡಿಸಿಕೊಳ್ಳದೆ ಇದ್ದವರು ನೂರಕ್ಕೆ ಎಷ್ಟು ಮಂದಿ ಉಳಿದರು ಅಂತ ಯಾರೂ ಹೇಳಲಿಲ್ಲವಲ್ಲ" ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದುತ್ತಾ ಹೋದಂತೆ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಒಂದೆಡೆ ತಪಾಸಣೆಯಿಂದ ಜೀವ ಉಳಿಯುತ್ತದೆ ಎಂದಿದೆ, ಇನ್ನೊಂದೆಡೆ ತಪಾಸಣೆಯಿಂದಲೇ ಅನಗತ್ಯ ಚಿಕಿತ್ಸೆ ಹೆಚ್ಚಿತು ಎಂದಿದೆ. ಎರಡೂ ಕಡೆ ಅಂಕಿಅಂಶಗಳಿವೆ. ಅಧ್ಯಯನಗಳನ್ನು ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಅಂಕಿನೋಟ:

ಹೊಂಬೆಳಕು ಅವರೇ, ನಿಮ್ಮ ತಂದೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ, ಮತ್ತು ಅದಕ್ಕೆ ಗಟ್ಟಿಯಾದ ಉತ್ತರವೂ ಇದೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ, ಪಿ.ಎಸ್.ಎ. ಪರೀಕ್ಷೆಯಿಂದ ಪತ್ತೆಯಾದ, ಗ್ರಂಥಿಯಿಂದಾಚೆಗೆ ಹರಡದ ಕ್ಯಾನ್ಸರ್ ಇದ್ದ 1643 ಪುರುಷರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪುಗಳಿಗೆ ಹಂಚಿದರು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ವಿಕಿರಣ ಚಿಕಿತ್ಸೆ, ಮೂರನೆಯದಕ್ಕೆ ತಕ್ಷಣ ಏನನ್ನೂ ಮಾಡದೆ ನಿಯಮಿತವಾಗಿ ನಿಗಾ ಇಡುವುದು. ಹದಿನೈದು ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ತೀರಿಕೊಂಡವರು ನಿಗಾ ಗುಂಪಿನಲ್ಲಿ ನೂರಕ್ಕೆ 3.1, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 2.2, ವಿಕಿರಣದ ಗುಂಪಿನಲ್ಲಿ 2.9. ಈ ಅಂತರಗಳು ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣವು. ಅಂದರೆ ಹದಿನೈದು ವರ್ಷಗಳಲ್ಲಿ ಮೂರೂ ಗುಂಪುಗಳಲ್ಲಿ ನೂರಕ್ಕೆ ತೊಂಬತ್ತೇಳರಷ್ಟು ಮಂದಿ ಈ ಕಾಯಿಲೆಯಿಂದ ಸಾಯಲಿಲ್ಲ.

ಆದರೆ ಇದನ್ನು ಓದಿ ನಿಗಾ ಗುಂಪಿನವರು ಏನನ್ನೂ ಕಳೆದುಕೊಳ್ಳಲಿಲ್ಲ ಎಂದು ತಿಳಿಯಬಾರದು. ಕ್ಯಾನ್ಸರ್ ಬೇರೆಡೆಗೆ ಹರಡಿದ್ದು ಅವರಲ್ಲಿ ನೂರಕ್ಕೆ 9.4 ಮಂದಿಗೆ. ಉಳಿದೆರಡು ಗುಂಪುಗಳಲ್ಲಿ ಇದು 5ರ ಆಸುಪಾಸಿನಲ್ಲಿತ್ತು. ನಿಗಾ ಗುಂಪಿನ ನೂರಕ್ಕೆ 61ರಷ್ಟು ಮಂದಿ ಆ ಹದಿನೈದು ವರ್ಷಗಳಲ್ಲಿ ಒಂದಲ್ಲ ಒಂದು ಹಂತದಲ್ಲಿ ಶಸ್ತ್ರಚಿಕಿತ್ಸೆಗೋ ವಿಕಿರಣಕ್ಕೋ ಹೋದರು. ನಾಲ್ವರಲ್ಲಿ ಒಬ್ಬರು ಮಾತ್ರ ಯಾವ ಚಿಕಿತ್ಸೆಯನ್ನೂ ಪಡೆಯದೆ ಬದುಕಿದ್ದರು. ಆದ್ದರಿಂದ ನಿಗಾ ಎಂದರೆ ಕಾಯಿಲೆಯನ್ನು ಮರೆತುಬಿಡುವುದಲ್ಲ. ಚಿಕಿತ್ಸೆ ನಿಜವಾಗಿ ಬೇಕಾಗುವ ದಿನ ಬರುತ್ತದೆಯೋ ಇಲ್ಲವೋ ಎಂದು ಕಾದು ನೋಡುವ, ಬಂದರೆ ಆಗ ಚಿಕಿತ್ಸೆ ಮಾಡುವ ಕ್ರಮ ಅದು. ಇನ್ನೊಂದು ಮಾತನ್ನೂ ಸೇರಿಸಬೇಕು. ಆ ಕಾಲದ ನಿಗಾ ಮುಖ್ಯವಾಗಿ ಪಿ.ಎಸ್.ಎ. ಏರಿಳಿತವನ್ನೇ ನೆಚ್ಚಿಕೊಂಡಿತ್ತು. ಇಂದಿನ ನಿಗಾದಲ್ಲಿ ಎಂ.ಆರ್.ಐ. ಮತ್ತು ಮರು ಬಯಾಪ್ಸಿಗಳೂ ಇರುವುದರಿಂದ ಅದು ಹೆಚ್ಚು ಬಿಗಿಯಾದದ್ದು.

ಇನ್ನು ಆ ತೊಂಬತ್ತೊಂಬತ್ತರ ವಿಷಯ. ಐದು ವರ್ಷ ಬದುಕುಳಿಯುವ ಪ್ರಮಾಣ ಎಂಬ ಅಳತೆ ಚಿಕಿತ್ಸೆ ಚಿಕಿತ್ಸೆಗಳನ್ನು ಹೋಲಿಸಲು ಒಳ್ಳೆಯದು, ತಪಾಸಣೆಯ ಲಾಭವನ್ನು ಅಳೆಯಲು ಮಾತ್ರ ತೀರಾ ಮೋಸದ್ದು. ಒಂದೇ ವರ್ಷ ಹುಟ್ಟಿದ, ಒಂದೇ ಬಗೆಯ ಕಾಯಿಲೆ ಇರುವ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರೂ 76ನೆಯ ವಯಸ್ಸಿಗೆ ಅದರಿಂದಲೇ ತೀರಿಕೊಳ್ಳುತ್ತಾರೆ. ಒಬ್ಬರಿಗೆ 73ರಲ್ಲಿ ಬೆನ್ನುಮೂಳೆ ನೋವು ಬಂದು ಕಾಯಿಲೆ ತಿಳಿಯಿತು, ಇನ್ನೊಬ್ಬರಿಗೆ 66ರಲ್ಲಿ ರಕ್ತ ಪರೀಕ್ಷೆಯಿಂದ ತಿಳಿಯಿತು. ಮೊದಲನೆಯವರು ಐದು ವರ್ಷ ದಾಟಲಿಲ್ಲ, ಎರಡನೆಯವರು ದಾಟಿದರು. ಆಯುಷ್ಯ ಒಂದು ದಿನವೂ ಹೆಚ್ಚಲಿಲ್ಲ, ರೋಗಿಯಾಗಿ ಕಳೆದ ವರ್ಷಗಳು ಮಾತ್ರ ಹೆಚ್ಚಿದವು. ಇದರ ಮೇಲೆ, ಎಂದೂ ತೊಂದರೆ ಕೊಡದಿದ್ದ ಕ್ಯಾನ್ಸರುಗಳೂ ತಪಾಸಣೆಯಲ್ಲಿ ಸಿಕ್ಕಿಬೀಳುತ್ತವೆ. ಅವರೆಲ್ಲ ಬದುಕುಳಿದವರ ಲೆಕ್ಕಕ್ಕೆ ಸೇರಿಕೊಂಡಾಗ ಪ್ರಮಾಣ ಇನ್ನೂ ಏರುತ್ತದೆ. ವೈದ್ಯರಿಗೆ ಇದು ಗೊತ್ತಿರಲೇಬೇಕು ಎಂದು ನಾವು ಭಾವಿಸುತ್ತೇವೆ. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಅಮೆರಿಕದ 412 ಪ್ರಾಥಮಿಕ ಆರೈಕೆಯ ವೈದ್ಯರ ಪೈಕಿ ಮುಕ್ಕಾಲು ಪಾಲು ಮಂದಿ, ಬದುಕುಳಿಯುವ ಪ್ರಮಾಣ ಏರಿದ್ದನ್ನೇ ತಪಾಸಣೆ ಜೀವ ಉಳಿಸುತ್ತದೆ ಎಂಬುದಕ್ಕೆ ಪುರಾವೆಯೆಂದು ಒಪ್ಪಿಕೊಂಡಿದ್ದರು. ಆದ್ದರಿಂದ ನಿಮ್ಮ ವೈದ್ಯರನ್ನು ನಾನು ದೂರುವುದಿಲ್ಲ. ತಂದೆಯವರ ಪ್ರಶ್ನೆಯನ್ನು ಅವರ ಮುಂದೆಯೇ ಮತ್ತೊಮ್ಮೆ ಇಡಿ ಎಂದಷ್ಟೇ ಹೇಳುತ್ತೇನೆ.

ಸಂಪಿಗೆ:

ಈ ಬಗೆಯ ಮಾತುಗಳನ್ನು ಓದಿದಾಗ ನನಗೆ ಆತಂಕವಾಗುತ್ತದೆ. ನನ್ನ ಅಕ್ಕನಿಗೆ ಸ್ತನದ ಕ್ಯಾನ್ಸರ್ ಸಿಕ್ಕಿದ್ದು ಮ್ಯಾಮೋಗ್ರಾಂ ತಪಾಸಣೆಯಲ್ಲಿ, ಕೈಗೆ ಗಂಟು ತಾಗುವ ಮೊದಲೇ. ಹನ್ನೊಂದು ವರ್ಷವಾಯಿತು, ಚೆನ್ನಾಗಿದ್ದಾಳೆ. ತಪಾಸಣೆ ಬೇಡವೆಂದು ಯಾರಾದರೂ ಇದನ್ನು ಓದಿ ಸುಮ್ಮನಾದರೆ ಹೊಣೆ ಯಾರದು? ಪ್ರಾಸ್ಟೇಟ್ ತಪಾಸಣೆಯಿಂದಲೂ ಸಾವು ತಪ್ಪುತ್ತದೆ ಎಂದು ತಾನೇ ಈಚಿನ ಯುರೋಪಿನ ಅಧ್ಯಯನ ಹೇಳಿರುವುದು?

ಅಂಕಿನೋಟ:

ಸಂಪಿಗೆ ಅವರೇ, ನಿಮ್ಮ ಅಕ್ಕ ಚೆನ್ನಾಗಿರುವುದು ಸಂತೋಷದ ಸಂಗತಿ. ಅವರು ತಪಾಸಣೆಯಿಂದ ಬದುಕಿರಬಹುದು, ತಡವಾಗಿ ತಿಳಿದಿದ್ದರೂ ಇಂದಿನ ಔಷಧಿಗಳಿಂದ ಬದುಕುತ್ತಿದ್ದಿರಬಹುದು, ಅದು ಬೆಳೆಯದೇ ಉಳಿಯುವ ಗಂಟೂ ಆಗಿದ್ದಿರಬಹುದು. ಒಬ್ಬ ವ್ಯಕ್ತಿಯಲ್ಲಿ ಈ ಮೂರರಲ್ಲಿ ಯಾವುದು ನಿಜವೆಂದು ಯಾರಿಂದಲೂ ಹೇಳಲಾಗದು, ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರಿಂದಲೂ. ಸಾವಿರಾರು ಜನರನ್ನು ಎರಡು ಗುಂಪು ಮಾಡಿ, ವರ್ಷಗಟ್ಟಲೆ ಕಾದು, ಸಾವುಗಳನ್ನು ಎಣಿಸಬೇಕಾಗಿ ಬರುವುದು ಈ ಕಾರಣಕ್ಕೆ.

ನೀವು ಹೇಳಿದ ಯುರೋಪಿನ ಅಧ್ಯಯನ ಅಂಥದ್ದೇ, ಮತ್ತು ಅದನ್ನು ನಾನು ಬಹಳ ಗೌರವದಿಂದ ಓದುತ್ತೇನೆ. 55ರಿಂದ 69ರ ವಯಸ್ಸಿನ 1.6 ಲಕ್ಷಕ್ಕೂ ಹೆಚ್ಚು ಪುರುಷರು ಅದರಲ್ಲಿದ್ದಾರೆ. 2009ರಲ್ಲಿ, ಸುಮಾರು ಒಂಬತ್ತು ವರ್ಷಗಳ ಲೆಕ್ಕದಲ್ಲಿ, ಒಂದು ಪ್ರಾಸ್ಟೇಟ್ ಕ್ಯಾನ್ಸರ್ ಸಾವನ್ನು ತಪ್ಪಿಸಲು 1410 ಮಂದಿಯನ್ನು ತಪಾಸಣೆಗೆ ಕರೆಯಬೇಕಾಗಿತ್ತು, ಹೆಚ್ಚುವರಿಯಾಗಿ 48 ಮಂದಿಗೆ ಕ್ಯಾನ್ಸರ್ ಇದೆಯೆಂದು ಹೇಳಬೇಕಾಗಿತ್ತು. ಹದಿಮೂರು ವರ್ಷಕ್ಕೆ ಅದು 781 ಮತ್ತು 27 ಆಯಿತು, ಹದಿನಾರು ವರ್ಷಕ್ಕೆ 570 ಮತ್ತು 18. ಇಪ್ಪತ್ತಮೂರು ವರ್ಷಗಳ ಲೆಕ್ಕ 2025ರಲ್ಲಿ ಬಂದಾಗ 456 ಮತ್ತು 12ಕ್ಕೆ ಇಳಿದಿತ್ತು. ಅದೇ ಜನ, ಅದೇ ತಪಾಸಣೆ. ಬದಲಾದದ್ದು ಕಾಲ ಒಂದೇ. ತಪಾಸಣೆಯ ತೊಂದರೆಗಳು ಮೊದಲ ವರ್ಷಗಳಲ್ಲೇ ಬಂದು ಕೂರುತ್ತವೆ, ಲಾಭ ಕಾಣಿಸಿಕೊಳ್ಳಲು ಹತ್ತು ಹದಿನೈದು ವರ್ಷ ಹಿಡಿಯುತ್ತದೆ. 2009ರ ಅಂಕಿಗಳನ್ನಷ್ಟೇ ಹಿಡಿದು ತಪಾಸಣೆ ವ್ಯರ್ಥ ಎಂದವರು ಆತುರಪಟ್ಟರು ಎಂದು ನನಗೆ ಈಗ ಅನಿಸುತ್ತದೆ, ಅಂದು ನಾನೂ ಹಾಗೆಯೇ ಹೇಳಿದ್ದೆ.

ಆದರೆ ಇದರ ಗಾತ್ರವನ್ನೂ ಕಣ್ಣಮುಂದೆ ಇಟ್ಟುಕೊಳ್ಳಬೇಕು. ಇಪ್ಪತ್ತಮೂರು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು ತಪಾಸಣೆಗೆ ಕರೆಸಿಕೊಂಡವರಲ್ಲಿ ನೂರಕ್ಕೆ 1.4, ಕರೆಸಿಕೊಳ್ಳದವರಲ್ಲಿ 1.6. ಸಾವು ನೂರಕ್ಕೆ ಹದಿಮೂರರಷ್ಟು ಇಳಿಯಿತು ಎನ್ನುವುದೂ ಇದನ್ನೇ, ಸಾವಿರಕ್ಕೆ ಇಬ್ಬರು ಉಳಿದರು ಎನ್ನುವುದೂ ಇದನ್ನೇ. ಮೊದಲ ಮಾತು ಜಾಹೀರಾತಿಗೆ ಚೆನ್ನ. ಮನೆಯಲ್ಲಿ ಕೂತು ತೀರ್ಮಾನ ಮಾಡುವವರಿಗೆ ಎರಡನೆಯದು ಬೇಕು.

ಸೂಕ್ಷ್ಮದರ್ಶಿ:

ನಾನು ವೃತ್ತಿಯಿಂದ ರೋಗಶಾಸ್ತ್ರಜ್ಞ, ಬಯಾಪ್ಸಿ ತುಣುಕುಗಳನ್ನು ಓದುವುದೇ ಕೆಲಸ. ಮೇಲಿನ ಅಂಕಿಗಳ ಹಿಂದೆ ಗಾಜಿನ ಮೇಲೆ ಏನು ಕಾಣುತ್ತದೆ ಎಂಬುದನ್ನು ಸ್ವಲ್ಪ ಹೇಳುತ್ತೇನೆ.

ಪ್ರಾಸ್ಟೇಟ್ ಬಯಾಪ್ಸಿಯ ಸೂಜಿಯಿಂದ ಬರುವುದು ಶಾವಿಗೆ ಎಳೆಯಂಥ, ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ಬಿಳಿಚಿಕೊಂಡ ಎಳೆಗಳು. ಫಾರ್ಮಲಿನ್ನಿನಲ್ಲಿ ಹಾಕಿ, ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿದ ಮೇಲೆ ಅವು ಗುಲಾಬಿ ನೇರಳೆಯಾಗಿ ಕಾಣುತ್ತವೆ. ಗ್ಲೀಸನ್ 3 ಎನ್ನುವ ಕಡೆ ಗ್ರಂಥಿಗಳು ಸಣ್ಣವಾಗಿದ್ದರೂ ದುಂಡಗೆ, ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಇರುತ್ತವೆ. 4 ಎನ್ನುವ ಕಡೆ ಅವು ಒಂದರೊಳಗೊಂದು ಕಲಸಿಕೊಂಡು ಆಕಾರ ಕಳೆದುಕೊಳ್ಳುತ್ತವೆ. 3+3 ಎಂದರೆ ಎಲ್ಲೂ ಆ ಕಲಸುವಿಕೆ ಕಾಣಲಿಲ್ಲ ಎಂದು. ಶುದ್ಧ 3+3 ಗಡ್ಡೆ ದುಗ್ಧಗ್ರಂಥಿಗಳಿಗೋ ಮೂಳೆಗೋ ಹರಡುವುದು ಅತ್ಯಂತ ವಿರಳ. ಅದಕ್ಕೆ ಕ್ಯಾನ್ಸರ್ ಎಂಬ ಹೆಸರನ್ನೇ ಬಿಟ್ಟುಬಿಡಬೇಕು ಎಂಬ ವಾದ ಕೆಲವು ವರ್ಷಗಳಿಂದ ನಮ್ಮ ಕ್ಷೇತ್ರದಲ್ಲಿ ನಡೆಯುತ್ತಿದೆ. ನನಗೆ ಆ ವಾದದಲ್ಲಿ ಪೂರ್ತಿ ಒಪ್ಪಿಗೆಯಿಲ್ಲ, ಏಕೆಂದರೆ ಸೂಜಿ ಮುಟ್ಟದ ಪಕ್ಕದ ಜಾಗದಲ್ಲಿ 4 ಅಡಗಿರಬಹುದು. ಅದೇ ಕಾರಣಕ್ಕೆ ಇಂದು ಬಯಾಪ್ಸಿಗೆ ಮೊದಲು ಎಂ.ಆರ್.ಐ. ಮಾಡುವುದು ಸರಿಯಾದ ಕ್ರಮ. 2018ರಲ್ಲಿ ಪ್ರಕಟವಾದ, 500 ಪುರುಷರಿದ್ದ ಪ್ರಿಸಿಷನ್ ಅಧ್ಯಯನದಲ್ಲಿ, ಎಂ.ಆರ್.ಐ. ನೋಡಿ ಅನುಮಾನದ ಜಾಗಕ್ಕಷ್ಟೇ ಸೂಜಿ ಹಾಕಿದಾಗ ಚಿಕಿತ್ಸೆ ಬೇಕಾದಂಥ ಕ್ಯಾನ್ಸರ್ ನೂರಕ್ಕೆ 38 ಮಂದಿಯಲ್ಲಿ ಸಿಕ್ಕಿತು, ಹಳೆಯ ಕ್ರಮದಲ್ಲಿ 26. ಅಷ್ಟೇನೂ ಮುಖ್ಯವಲ್ಲದ ಕ್ಯಾನ್ಸರ್ ಸಿಗುವುದು 22ರಿಂದ 9ಕ್ಕೆ ಇಳಿಯಿತು. ಬೇಕಾದದ್ದು ಹೆಚ್ಚು ಸಿಕ್ಕಿ, ಬೇಡದ್ದು ಕಡಿಮೆಯಾದ ಇಂಥ ಉದಾಹರಣೆ ನಮ್ಮಲ್ಲಿ ಅಪರೂಪ. ಹೊಂಬೆಳಕು ಅವರ ಬರಹದಲ್ಲಿ ಎಂ.ಆರ್.ಐ. ಮಾತೇ ಇಲ್ಲ. ಮಾಡಿಸಿಲ್ಲವಾದರೆ ಶಸ್ತ್ರಚಿಕಿತ್ಸೆಯ ಯೋಚನೆಗೆ ಮೊದಲು ಅದರ ಬಗ್ಗೆ ಕೇಳಿ.

ಹೆಸರಿನ ವಿಚಾರ ಬಂದದ್ದರಿಂದ ಥೈರಾಯ್ಡ್ ಕಥೆಯನ್ನೂ ಹೇಳಬೇಕು. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರ್ಕಾರ ಕೆಲವು ಕ್ಯಾನ್ಸರುಗಳ ತಪಾಸಣೆಯನ್ನು ಆರಂಭಿಸಿತು. ಥೈರಾಯ್ಡ್ ಅದರಲ್ಲಿ ಇರಲಿಲ್ಲ. ಆದರೆ ಕುತ್ತಿಗೆಯ ಅಲ್ಟ್ರಾಸೌಂಡ್ ಅಗ್ಗವಾಗಿ ಸಿಗುತ್ತಿದ್ದುದರಿಂದ ಜನ ಅದನ್ನೂ ಸೇರಿಸಿ ಮಾಡಿಸಿಕೊಂಡರು. 2011ರ ವೇಳೆಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ ಹದಿನೈದು ಪಟ್ಟಾಯಿತು. ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಎಲ್ಲರ ಗ್ರಂಥಿಯನ್ನೂ ತೆಗೆದರು, ಅವರಲ್ಲಿ ಬಹುಪಾಲು ಜನ ಜೀವನಪೂರ್ತಿ ಮಾತ್ರೆ ನುಂಗಬೇಕಾಯಿತು. 2014ರಲ್ಲಿ ಅಲ್ಲಿನ ವೈದ್ಯರೇ ಒಂದುಗೂಡಿ ಸಾರ್ವಜನಿಕವಾಗಿ ಎಚ್ಚರಿಸಿದ ಮೇಲೆ ಒಂದೇ ವರ್ಷದಲ್ಲಿ ಈ ಶಸ್ತ್ರಚಿಕಿತ್ಸೆಗಳು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಆ ಸ್ಲೈಡುಗಳನ್ನು ಓದಿದವರು ತಪ್ಪು ಓದಿರಲಿಲ್ಲ. ಗಾಜಿನ ಮೇಲೆ ಇದ್ದದ್ದು ಕ್ಯಾನ್ಸರೇ. ಅದು ಮುಂದೆ ಏನು ಮಾಡುತ್ತದೆ ಎಂಬುದನ್ನು ಗಾಜು ಹೇಳುವುದಿಲ್ಲ, ಮತ್ತು ಆ ಮಿತಿಯನ್ನು ನಾವು ನಮ್ಮ ವರದಿಗಳಲ್ಲಿ ಸಾಕಷ್ಟು ಸ್ಪಷ್ಟವಾಗಿ ಬರೆಯುತ್ತಿಲ್ಲ ಎಂಬ ಕೊರಗು ನನಗಿದೆ.

ಹೊಂಬೆಳಕು:

ಎಂ.ಆರ್.ಐ. ಮಾಡಿಸಿಲ್ಲ. ಅದರ ಬಗ್ಗೆ ಯಾರೂ ಹೇಳಿರಲಿಲ್ಲ. ನಾಳೆಯೇ ಕೇಳುತ್ತೇನೆ. ಒಂದು ಅನುಮಾನ: ಕ್ಯಾನ್ಸರ್ ಚಿಕ್ಕದಿರುವಾಗಲೇ, ಮೊದಲ ಹಂತದಲ್ಲೇ ಹೆಚ್ಚು ಸಿಗುತ್ತಿದೆ ಎಂದರೆ ಸಾವು ಕಡಿಮೆಯಾಗಲೇಬೇಕಲ್ಲವೇ?

ಅಂಕಿನೋಟ:

ಆಗಲೇಬೇಕು ಎಂದೇ ಎಲ್ಲರೂ ಭಾವಿಸಿದ್ದರು, ಅಂಡಾಶಯದ ಕ್ಯಾನ್ಸರಿನ ಬ್ರಿಟಿಷ್ ಅಧ್ಯಯನದ ಫಲಿತಾಂಶ ಬರುವವರೆಗೆ. ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದರು. ಒಂದು ಗುಂಪಿಗೆ ವರ್ಷ ವರ್ಷವೂ ರಕ್ತ ಪರೀಕ್ಷೆ, ಅದರಲ್ಲಿ ಅನುಮಾನ ಬಂದರೆ ಸ್ಕ್ಯಾನ್. ಆ ಗುಂಪಿನಲ್ಲಿ ಮೊದಲೆರಡು ಹಂತಗಳಲ್ಲಿ ಸಿಕ್ಕ ಕ್ಯಾನ್ಸರ್ ನೂರಕ್ಕೆ 39ರಷ್ಟು ಹೆಚ್ಚಿತು, ಕೊನೆಯೆರಡು ಹಂತಗಳದ್ದು ನೂರಕ್ಕೆ 10ರಷ್ಟು ಇಳಿಯಿತು. ಎಲ್ಲವೂ ಅಂದುಕೊಂಡ ಹಾಗೆಯೇ ನಡೆಯಿತು. 2021ರಲ್ಲಿ ಸಾವುಗಳನ್ನು ಎಣಿಸಿದಾಗ ಗುಂಪು ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಬೇಗ ಸಿಕ್ಕರೂ ಆ ಗಡ್ಡೆಗಳ ಸ್ವಭಾವ ಬದಲಾಗಲಿಲ್ಲ, ಅವು ಮೊದಲಿನಿಂದಲೂ ಕೆಟ್ಟವೇ ಆಗಿದ್ದವು. ಇಪ್ಪತ್ತು ವರ್ಷ ದುಡಿದ ಆ ತಂಡ ಇಂಥ ನಿರಾಸೆಯ ಫಲಿತಾಂಶವನ್ನು ಮುಚ್ಚಿಡದೆ, ತೇಪೆ ಹಚ್ಚದೆ ಪ್ರಕಟಿಸಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ದೊಡ್ಡ ಕೆಲಸಗಳಲ್ಲಿ ಅದೂ ಒಂದು. ಒಂದೇ ರಕ್ತ ಪರೀಕ್ಷೆಯಿಂದ ಹತ್ತಾರು ಕ್ಯಾನ್ಸರುಗಳನ್ನು ಹುಡುಕುವ ಹೊಸ ಪರೀಕ್ಷೆಗಳ ಬಗ್ಗೆ ಈಗ ಬಹಳ ಉತ್ಸಾಹವಿದೆ. ಇಂಗ್ಲೆಂಡಿನಲ್ಲಿ 1.4 ಲಕ್ಷ ಜನರ ಮೇಲೆ ನಡೆದ ಅಂಥ ದೊಡ್ಡ ಅಧ್ಯಯನದ ಮುಖ್ಯ ಅಳತೆಗೋಲು ಕೊನೆಯ ಹಂತದ ಕ್ಯಾನ್ಸರುಗಳ ಸಂಖ್ಯೆಯೇ ಹೊರತು ಸಾವಲ್ಲ. ಅದನ್ನು ಓದುವಾಗ ಅಂಡಾಶಯದ ಪಾಠ ನೆನಪಿರಲಿ.

ಶುಶ್ರೂಷೆ:

ನಾನು ನರ್ಸ್. ಹಲವು ವರ್ಷ ಅಧ್ಯಯನಗಳಲ್ಲಿ ಸೇರಿದವರಿಗೆ ಕರೆ ಮಾಡಿ ಯೋಗಕ್ಷೇಮ ವಿಚಾರಿಸಿ ಪ್ರಶ್ನಾವಳಿ ತುಂಬಿಸುವ ಕೆಲಸ ಮಾಡಿದ್ದೇನೆ. ಸಾವಿನ ಲೆಕ್ಕದಲ್ಲಿ ಬಾರದ ಕೆಲವು ಸಂಗತಿಗಳಿವೆ. ಪ್ರೊಟೆಕ್ಟ್ ಅಧ್ಯಯನದಲ್ಲೇ ನೋಡಿ, ಹನ್ನೆರಡು ವರ್ಷಗಳ ನಂತರವೂ ಮೂತ್ರ ಸೋರುವುದಕ್ಕಾಗಿ ಪ್ಯಾಡ್ ಬಳಸುತ್ತಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 24, ನಿಗಾ ಗುಂಪಿನಲ್ಲಿ 11, ವಿಕಿರಣದ ಗುಂಪಿನಲ್ಲಿ 8. ಪ್ರಶ್ನಾವಳಿಯಲ್ಲಿ ಅದು ಒಂದು ಗೆರೆ. ಫೋನಿನ ಆಚೆ ಬದಿಯಲ್ಲಿ ಮಾತ್ರ ದೀರ್ಘ ಮೌನ ಇರುತ್ತಿತ್ತು, ಆಮೇಲೆ ದನಿ ತಗ್ಗಿಸಿ "ಹೌದಮ್ಮ, ದಿನಕ್ಕೆ ಎರಡು" ಎನ್ನುತ್ತಿದ್ದರು. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟವರಿದ್ದರು. ಈ ಮಾತನ್ನು ಅವರು ವೈದ್ಯರ ಮುಂದೆ ಎಂದೂ ಆಡಿರಲಿಲ್ಲ.

ರೋಗಿಗಳ ಮಾತನ್ನು ಕೇಳಿಸಿಕೊಳ್ಳುವುದು ಬರಿಯ ಸೌಜನ್ಯವಲ್ಲ ಎನ್ನುವುದಕ್ಕೂ ಪುರಾವೆಯಿದೆ. ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ, ಕ್ಯಾನ್ಸರ್ ಹರಡಿ ಕೀಮೋಥೆರಪಿ ಪಡೆಯುತ್ತಿದ್ದ 766 ಜನರ ಪೈಕಿ ಒಂದು ಗುಂಪಿನವರು ವಾಂತಿ, ನೋವು, ಉಸಿರಾಟದ ತೊಂದರೆ ಮೊದಲಾದವುಗಳನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸುತ್ತಿದ್ದರು, ತೊಂದರೆ ಹೆಚ್ಚಾದಾಗ ನರ್ಸುಗಳಿಗೆ ಎಚ್ಚರಿಕೆ ಹೋಗುತ್ತಿತ್ತು. ಹೊಸ ಔಷಧಿ ಏನೂ ಇರಲಿಲ್ಲ. 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಆ ಗುಂಪಿನವರು ಬದುಕಿದ ಮಧ್ಯಮ ಅವಧಿ 31.2 ತಿಂಗಳು, ಎಂದಿನ ಆರೈಕೆಯಲ್ಲಿದ್ದವರದ್ದು 26. ಇಲ್ಲಿ ಎರಡೂ ಗುಂಪಿನವರ ಗಡಿಯಾರ ಒಂದೇ ಕ್ಷಣದಿಂದ ಶುರುವಾದ್ದರಿಂದ, ಅಂಕಿನೋಟ ಅವರು ಹೇಳಿದ ಮೋಸ ಇದರಲ್ಲಿಲ್ಲ. ಐದು ತಿಂಗಳು ಎಂದರೆ ಕೆಲವು ದುಬಾರಿ ಔಷಧಿಗಳೂ ಕೊಡದಷ್ಟು ಸಮಯ.

ಸಂಪಿಗೆ ಅವರ ಆತಂಕಕ್ಕೂ ಒಂದು ಮಾತು. ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಈ ಪ್ರಾಸ್ಟೇಟ್, ಥೈರಾಯ್ಡ್ ಮಾತುಗಳ ಜೊತೆ ದಯವಿಟ್ಟು ಯಾರೂ ಸೇರಿಸಬೇಡಿ. ಅಲ್ಲಿ ಹುಡುಕುವುದು ಕ್ಯಾನ್ಸರನ್ನಲ್ಲ, ಅದಕ್ಕೆ ಎಷ್ಟೋ ವರ್ಷ ಮೊದಲು ಬರುವ ಸೋಂಕನ್ನೂ ಬದಲಾವಣೆಯನ್ನೂ. ಆ ಬದಲಾವಣೆಯನ್ನು ಸಣ್ಣ ಚಿಕಿತ್ಸೆಯಿಂದ ತೆಗೆದುಬಿಟ್ಟರೆ ಕ್ಯಾನ್ಸರ್ ಹುಟ್ಟುವುದೇ ತಪ್ಪುತ್ತದೆ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59ರ ವಯಸ್ಸಿನ 1.31 ಲಕ್ಷ ಮಹಿಳೆಯರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೀವಮಾನದಲ್ಲಿ ಒಂದೇ ಒಂದು ಸಲ ಎಚ್.ಪಿ.ವಿ. (ಆ ಸೋಂಕು ತರುವ ವೈರಸ್) ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ 34 ಮಂದಿ ತೀರಿಕೊಂಡರು. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ, ತಪಾಸಣೆ ಇಲ್ಲದ ಗುಂಪಿನಲ್ಲಿ 64 ಮಂದಿ. ಆ ಎರಡನೆಯ ಗುಂಪಿನವರಿಗೆ ತಪಾಸಣೆ ಕೊಡದೆ ಇದ್ದದ್ದು ಸರಿಯೇ ಎಂಬ ಪ್ರಶ್ನೆ ಆಮೇಲೆ ಬಹಳ ಚರ್ಚೆಯಾಯಿತು. ಆ 64ರ ಸಂಖ್ಯೆಯನ್ನು ಓದುವಾಗ ನನಗೂ ಮನಸ್ಸು ಭಾರವಾಗುತ್ತದೆ.

ಸಂಪಿಗೆ:

ಧನ್ಯವಾದಗಳು. ತಪಾಸಣೆ ಎಂಬ ಒಂದೇ ಪದದಲ್ಲಿ ಇಷ್ಟು ಬೇರೆ ಬೇರೆ ಸಂಗತಿಗಳನ್ನು ಕಟ್ಟಿಹಾಕಿದ್ದೇವೆ ಎಂದು ನನಗೆ ತಿಳಿದಿರಲಿಲ್ಲ. ಗರ್ಭಕಂಠದ ಪರೀಕ್ಷೆಯನ್ನು ನಾನೇ ಮಾಡಿಸಿಕೊಂಡಿಲ್ಲ, ಈ ವಾರವೇ ಹೋಗುತ್ತೇನೆ.

ಹೊಂಬೆಳಕು:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಂ.ಆರ್.ಐ. ಆಯಿತು, ಅನುಮಾನಪಡುವಂಥ ಜಾಗ ಯಾವುದೂ ಕಾಣಲಿಲ್ಲ. ಅದೇ ವೈದ್ಯರ ಬಳಿಗೆ ಹೋಗಿ ತಂದೆಯವರು ತಮ್ಮ ಪ್ರಶ್ನೆಯನ್ನು ನೇರವಾಗಿಯೇ ಕೇಳಿದರು. ವೈದ್ಯರು ಬೇಸರಪಡಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ನಿಗಾದಲ್ಲಿರುವುದು ನಿಮ್ಮ ವಿಷಯದಲ್ಲಿ ಸರಿಯಾದ ದಾರಿಯೇ, ಆದರೆ ಬಹಳ ಜನ ಎರಡನೆಯ ವರ್ಷಕ್ಕೆ ಬರುವುದನ್ನೇ ನಿಲ್ಲಿಸುತ್ತಾರೆ, ಆ ಭಯಕ್ಕೆ ನಾನು ಶಸ್ತ್ರಚಿಕಿತ್ಸೆಯನ್ನೇ ಹೇಳಿಬಿಡುತ್ತೇನೆ ಎಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಆರು ತಿಂಗಳಿಗೊಮ್ಮೆ ಪಿ.ಎಸ್.ಎ., ಒಂದು ವರ್ಷಕ್ಕೆ ಮರು ಬಯಾಪ್ಸಿ ಎಂದು ತೀರ್ಮಾನವಾಗಿದೆ. ಅಮ್ಮನಿಗೆ ಇನ್ನೂ ಸಮಾಧಾನವಿಲ್ಲ. ಮೈಯೊಳಗೆ ಇಟ್ಟುಕೊಂಡು ಹೇಗೆ ನಿದ್ದೆ ಮಾಡುವುದು ಎನ್ನುತ್ತಾರೆ, ಅದಕ್ಕೆ ಅಂಕಿಅಂಶಗಳಲ್ಲಿ ಉತ್ತರವಿಲ್ಲ. ಮರು ಬಯಾಪ್ಸಿಯ ಹೊತ್ತಿಗೆ ನಾವು ಏನನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕು?

ಸೂಕ್ಷ್ಮದರ್ಶಿ:

ಹಳೆಯ ಬಯಾಪ್ಸಿಯ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಪ್ರಯೋಗಾಲಯದಲ್ಲಿ ಕೇಳಿ ಪಡೆದುಕೊಳ್ಳಿ. ಬ್ಲಾಕುಗಳನ್ನು ಬಿಸಿಲಿಗೆ ಇಡಬೇಡಿ, ಕರಗುತ್ತವೆ. ಸಾಧ್ಯವಾದರೆ ಪ್ರಾಸ್ಟೇಟ್ ಬಯಾಪ್ಸಿಗಳನ್ನೇ ಹೆಚ್ಚಾಗಿ ಓದುವ ಇನ್ನೊಬ್ಬರಿಂದ ಈಗಲೇ ಒಮ್ಮೆ ಓದಿಸಿ, ಏಕೆಂದರೆ 3 ಮತ್ತು 4ರ ನಡುವಿನ ಗಡಿಯಲ್ಲಿ ನಮ್ಮನಮ್ಮಲ್ಲೇ ಭಿನ್ನಾಭಿಪ್ರಾಯ ಬರುವುದುಂಟು. ಮುಂದಿನ ವರ್ಷ ಹೊಸ ತುಣುಕುಗಳನ್ನು ಓದುವವರ ಮೇಜಿನ ಮೇಲೆ ಹಳೆಯವೂ ಇರಲಿ.